ಸೋತ ತಂಡದ ಕ್ವಾರ್ಟರ್‌ಬ್ಯಾಕ್: ತಪ್ಪು ನಿಜಕ್ಕೂ ಯಾರದು?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ತಂಡದ ಸೋಲು–ಗೆಲುವನ್ನು ಒಬ್ಬನೇ ಆಟಗಾರನ ಹೆಸರಿಗೆ ಬರೆದಿಡುವ ರೂಢಿಯಿದೆ. ಆ ಆಟಗಾರ ಕ್ವಾರ್ಟರ್‌ಬ್ಯಾಕ್. ಮ್ಯಾಥ್ಯೂ ಸ್ಟಾಫರ್ಡ್ ಡೆಟ್ರಾಯಿಟ್ ಲಯನ್ಸ್ ತಂಡದಲ್ಲಿ ಆಡಿದ 12 ಋತುಗಳ ಲೆಕ್ಕ ಹೀಗಿದೆ: 74 ಗೆಲುವು, 90 ಸೋಲು, ಒಂದು ಸಮ. ಅದೇ ಪಂದ್ಯಗಳಲ್ಲಿ ಮೈದಾನಕ್ಕಿಳಿದ ಮಿಕ್ಕವರ ಹೆಸರಿನ ಮುಂದೆ ಇಂಥ ಲೆಕ್ಕ ಯಾರೂ ಇಡುವುದಿಲ್ಲ. ಕ್ರಿಕೆಟ್‌ನಲ್ಲಿ ಗೆಲುವು–ಸೋಲಿನ ಪಟ್ಟಿ ಇರುವುದು ನಾಯಕನಿಗೆ. ಯಾರಿಗೆ ಓವರ್ ಕೊಡಬೇಕು, ಫೀಲ್ಡರ್‌ಗಳನ್ನು ಎಲ್ಲಿ ನಿಲ್ಲಿಸಬೇಕು ಎಂದು ತೀರ್ಮಾನಿಸುವ ಅಧಿಕಾರವಾದರೂ ಅವನಿಗಿರುತ್ತದೆ. ಕ್ವಾರ್ಟರ್‌ಬ್ಯಾಕ್‌ಗೆ ಅಷ್ಟು ಅಧಿಕಾರವೂ ಇಲ್ಲ, ಹೊಣೆ ಮಾತ್ರ ಪೂರ್ತಿ ಅವನದೇ. ತಂಡ ಸತತವಾಗಿ ಸೋಲತೊಡಗಿದರೆ ಪತ್ರಿಕೆಗಳು, ಟಿವಿ ಚರ್ಚೆಗಳು, ಗ್ಯಾಲರಿಯ ಅಭಿಮಾನಿಗಳು ಮೊದಲು ಬೆರಳು ತೋರಿಸುವುದು ಅವನತ್ತಲೇ. ಆ ದೂರು ಎಷ್ಟರ ಮಟ್ಟಿಗೆ ನ್ಯಾಯ ಎಂಬುದನ್ನು ನೋಡಬೇಕಾದರೆ ಆಟದ ಕಟ್ಟೋಣವನ್ನು ಸ್ವಲ್ಪ ತಿಳಿದುಕೊಳ್ಳಬೇಕು.

ನಮ್ಮಲ್ಲಿ ಫುಟ್‌ಬಾಲ್ ಎಂದರೆ ಕಾಲಿನ ಆಟ. ಅಮೆರಿಕದ ಈ ಆಟದಲ್ಲಿ ಮೊಟ್ಟೆಯಾಕಾರದ ಚೆಂಡು ಬಹುಪಾಲು ಕೈಯಲ್ಲೇ ಇರುತ್ತದೆ. ಮೈದಾನದ ಉದ್ದ ನೂರು ಗಜ; ಒಂದೊಂದು ಕಡೆಯಿಂದ 11 ಮಂದಿ. ಚೆಂಡು ಪಡೆದ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಸಾಗಿದರೆ ಮತ್ತೆ ನಾಲ್ಕು, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಪ್ರತಿ ಅವಕಾಶದಲ್ಲೂ ಸಾಲಿನ ನಡುವೆ ಬಗ್ಗಿ ನಿಂತ ಸೆಂಟರ್ ತನ್ನ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ. ಅದನ್ನು ಪಡೆಯುವವನೇ ಕ್ವಾರ್ಟರ್‌ಬ್ಯಾಕ್. ಆತ ಅದನ್ನು ಓಟಗಾರನ ಕೈಗಿಡಬಹುದು, ತಾನೇ ಓಡಬಹುದು, ಇಲ್ಲವೇ ಮುಂದೆ ಓಡುತ್ತಿರುವ ರಿಸೀವರ್‌ಗೆ ಎಸೆಯಬಹುದು. ಎಸೆಯಲು ಸಿಗುವ ಸಮಯ ಸಾಮಾನ್ಯವಾಗಿ ಎರಡೂವರೆ–ಮೂರು ಸೆಕೆಂಡು. ಅಷ್ಟರಲ್ಲಿ ಐದು ಮಂದಿಯ ಆಫೆನ್ಸಿವ್ ಲೈನ್ ಎದುರಾಳಿಗಳನ್ನು ತಡೆದು ಹಿಡಿದಿರಬೇಕು, ರಿಸೀವರ್ ಹೇಳಿದ ದಾರಿಯಲ್ಲಿ ಹೇಳಿದ ಜಾಗ ತಲುಪಿರಬೇಕು. ಚೆಂಡು ಕೈಯಲ್ಲಿರುವಾಗಲೇ ಎದುರಾಳಿ ಬಂದು ಕೆಡವಿದರೆ ಅದು ಸ್ಯಾಕ್. ಎಸೆತವನ್ನು ಎದುರಾಳಿ ಹಿಡಿದುಬಿಟ್ಟರೆ ಇಂಟರ್‌ಸೆಪ್ಷನ್. ಎರಡೂ ಕ್ವಾರ್ಟರ್‌ಬ್ಯಾಕ್‌ನ ಖಾತೆಗೆ ಜಮೆ.

ಇನ್ನೊಂದು ಸಂಗತಿ ಹೊಸದಾಗಿ ಆಟ ನೋಡುವವರ ಗಮನಕ್ಕೆ ಬರುವುದು ತಡವಾಗಿ. ಆಕ್ರಮಣಕ್ಕೊಂದು, ರಕ್ಷಣೆಗೊಂದು ಪ್ರತ್ಯೇಕ ಪಡೆ ಇರುತ್ತದೆ. ಎದುರಾಳಿಯ ಕೈಯಲ್ಲಿ ಚೆಂಡಿರುವಷ್ಟು ಹೊತ್ತೂ ಕ್ವಾರ್ಟರ್‌ಬ್ಯಾಕ್ ಬದಿಯ ಬೆಂಚಿನ ಮೇಲೆ ಕೂತಿರುತ್ತಾನೆ. ಹೆಚ್ಚುಕಡಿಮೆ ಅರ್ಧ ಪಂದ್ಯದಲ್ಲಿ ಅವನು ಪ್ರೇಕ್ಷಕ. ಎರಡು ತಂಡಗಳ ಕ್ವಾರ್ಟರ್‌ಬ್ಯಾಕ್‌ಗಳು ಮೈದಾನದಲ್ಲಿ ಎದುರುಬದುರಾಗುವುದೇ ಇಲ್ಲ, ಪತ್ರಿಕೆಗಳ ಶೀರ್ಷಿಕೆಗಳಲ್ಲಿ ಮಾತ್ರ ಪ್ರತಿ ವಾರ ಅವರಿಬ್ಬರ ಕಾಳಗ ನಡೆಯುತ್ತದೆ.

ದೂರನ್ನು ಅಳೆಯಲು ಹೊರಟವರು ಮೊದಲು ನೋಡಬೇಕಾದದ್ದು ಆಫೆನ್ಸಿವ್ ಲೈನ್ ಅನ್ನು. 2002ರಲ್ಲಿ ಹ್ಯೂಸ್ಟನ್ ಟೆಕ್ಸನ್ಸ್ ಎಂಬ ಹೊಸ ತಂಡ ಈ ಆಟದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಸೇರಿತು. ಆ ವರ್ಷದ ಡ್ರಾಫ್ಟ್‌ನ, ಅಂದರೆ ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆಯ, ಮೊದಲ ಆಯ್ಕೆಯಾಗಿ ಕ್ವಾರ್ಟರ್‌ಬ್ಯಾಕ್ ಡೇವಿಡ್ ಕಾರ್ ಅವರನ್ನು ತಂದರು. ಅವರನ್ನು ಕಾಯಲೆಂದು ಬೇರೆ ತಂಡದಿಂದ ಆರಿಸಿಕೊಂಡದ್ದು ಟೋನಿ ಬೊಸೆಲಿಯನ್ನು. ಮುಂದೆ ಹಾಲ್ ಆಫ್ ಫೇಮ್ ಸೇರಿದ ದೊಡ್ಡ ಟ್ಯಾಕಲ್, ಅಂದರೆ ಲೈನ್‌ನ ತುದಿ ಕಾಯುವ ಆಟಗಾರ, ಅವರು. ಆದರೆ ಭುಜದ ಗಾಯದಿಂದಾಗಿ ಬೊಸೆಲಿ ಹ್ಯೂಸ್ಟನ್ ಪರ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಮೊದಲ ಪಂದ್ಯದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡವನ್ನು 19–10ರಿಂದ ಸೋಲಿಸಿ ಹ್ಯೂಸ್ಟನ್ ಊರೆಲ್ಲ ಸಂಭ್ರಮಿಸಿತು. ಆಮೇಲೆ ನಡೆದದ್ದು ಬೇರೆ. 16 ಪಂದ್ಯಗಳಲ್ಲಿ ಕಾರ್ 76 ಬಾರಿ ಸ್ಯಾಕ್ ಆದರು. ಒಂದು ಋತುವಿನಲ್ಲಿ ಒಬ್ಬ ಕ್ವಾರ್ಟರ್‌ಬ್ಯಾಕ್ ಇಷ್ಟು ಸಲ ನೆಲಕ್ಕುರುಳಿದ್ದು ಲೀಗ್‌ನ ದಾಖಲೆ. 2005ರಲ್ಲಿ ಮತ್ತೆ 68 ಬಾರಿ. ಆ ವರ್ಷ ತಂಡ ಎರಡು ಗೆದ್ದು 14 ಸೋತಿತು. 2006ರ ಋತು ಮುಗಿದ ಮೇಲೆ ಹ್ಯೂಸ್ಟನ್ ಅವರನ್ನು ಕೈಬಿಟ್ಟಿತು. ಅಲ್ಲಿಂದ ಮುಂದೆ ಯಾವ ತಂಡದಲ್ಲೂ ಅವರಿಗೆ ಕಾಯಂ ಜಾಗ ಸಿಗಲಿಲ್ಲ.

ಕಾರ್ ಅವರ ಕಥೆಯನ್ನು ಪೂರ್ತಿ ಅನ್ಯಾಯದ ಕಥೆಯಾಗಿ ಹೇಳುವುದು ಸುಲಭ, ಆದರೆ ಸರಿಯಲ್ಲ. ಅವರ ಜಾಗಕ್ಕೆ ಮ್ಯಾಟ್ ಶಾಬ್ ಬಂದ ಮೊದಲ ಋತುವಿನಲ್ಲೇ ಹ್ಯೂಸ್ಟನ್‌ನ ಸ್ಯಾಕ್‌ಗಳ ಸಂಖ್ಯೆ ಗಣನೀಯವಾಗಿ ಇಳಿಯಿತು. ಸ್ಯಾಕ್ ಎಂಬುದು ಲೈನ್‌ನವರ ಸೋಲು ಎಂದೇ ಹಿಂದೆ ಎಲ್ಲರೂ ತಿಳಿದಿದ್ದರು. ಈಚಿನ ವರ್ಷಗಳಲ್ಲಿ ವಿಶ್ಲೇಷಕರು ಗಮನಿಸಿರುವುದೇನೆಂದರೆ, ಕ್ವಾರ್ಟರ್‌ಬ್ಯಾಕ್ ತಂಡ ಬದಲಿಸಿದಾಗ ಅವನ ಸ್ಯಾಕ್‌ಗಳ ಪ್ರಮಾಣವೂ ಬಹಳ ಸಲ ಅವನ ಬೆನ್ನಿಗೇ ಹೋಗುತ್ತದೆ. ಚೆಂಡನ್ನು ಬೇಗ ಬಿಡದವನು, ಇನ್ನೊಂದು ಕ್ಷಣ ಕಾದರೆ ಯಾರಾದರೂ ಬಿಡುವಾಗಿ ಸಿಕ್ಕಾರು ಎಂದು ಹಿಡಿದೇ ಇರುವವನು, ಎಷ್ಟು ಒಳ್ಳೆಯ ಲೈನ್‌ನ ಹಿಂದಿದ್ದರೂ ಬೀಳುತ್ತಾನೆ. ಇನ್ನೊಂದು ಕಡೆ, ಎರಡು–ಮೂರು ವರ್ಷ ದಿನವೂ ಏಟು ತಿಂದ ತರುಣ ಮುಂದಿನ ಆಟದ ಬದಲು ಬರುವ ಏಟನ್ನೇ ನೋಡತೊಡಗುತ್ತಾನೆ. ಕಾರ್ ವಿಷಯದಲ್ಲಿ ಯಾವುದು ಮೊದಲಿತ್ತು, ಯಾವುದು ಆಮೇಲೆ ಬಂತು ಎಂದು ಬಿಡಿಸಿ ಹೇಳಲು ಈಗ ಯಾರಿಂದಲೂ ಆಗದು.

ಲೈನ್ ಕುಸಿದರೆ ಎಂಥವನಿಗೂ ಉಳಿಗಾಲವಿಲ್ಲ ಎನ್ನುವುದಕ್ಕೆ 2021ರ ಫೆಬ್ರುವರಿ 7ರಂದು ಟ್ಯಾಂಪಾದಲ್ಲಿ ನಡೆದ ಸೂಪರ್ ಬೌಲ್, ಅಂದರೆ ಲೀಗ್‌ನ ಅಂತಿಮ ಪಂದ್ಯ, ಒಂದೇ ಸಾಕು. ಕ್ಯಾನ್ಸಸ್ ಸಿಟಿ ಚೀಫ್ಸ್‌ನ ಪ್ಯಾಟ್ರಿಕ್ ಮಹೋಮ್ಸ್ ಆಗ ಲೀಗ್‌ನ ಶ್ರೇಷ್ಠ ಕ್ವಾರ್ಟರ್‌ಬ್ಯಾಕ್ ಎಂಬುದರಲ್ಲಿ ಹೆಚ್ಚು ವಾದವಿರಲಿಲ್ಲ. ಆದರೆ ಲೈನ್‌ನ ಎರಡು ತುದಿಗಳಲ್ಲಿ ನಿಲ್ಲಬೇಕಿದ್ದ ಟ್ಯಾಕಲ್‌ಗಳು, ಎರಿಕ್ ಫಿಶರ್ ಮತ್ತು ಮಿಚೆಲ್ ಶ್ವಾರ್ಟ್ಸ್, ಇಬ್ಬರೂ ಗಾಯಗೊಂಡು ಹೊರಗಿದ್ದರು. ಮಹೋಮ್ಸ್ ಎಸೆಯಲೆಂದು ಹಿಂದೆ ಸರಿದ 56 ಸಲದಲ್ಲಿ 29 ಸಲ ಎದುರಾಳಿಗಳು ಮೈಮೇಲೆ ಬಂದರು. ಚೆಂಡನ್ನು ಕೈಯಿಂದ ಬಿಡುವ ಮುನ್ನ ತಪ್ಪಿಸಿಕೊಳ್ಳುತ್ತಾ ಅವರು ಓಡಿದ ದೂರ ಕೂಡಿಸಿದರೆ ಐನೂರು ಗಜದ ಸಮೀಪ. ಕೊನೆಯ ಕ್ವಾರ್ಟರ್‌ನಲ್ಲಿ ಹಿಡಿತದಿಂದ ಜಾರಿ, ಮೈ ನೆಲಕ್ಕೆ ಸಮಾನಾಂತರವಾಗಿ ಗಾಳಿಯಲ್ಲಿರುವಾಗಲೇ ಅವರು ಒಂದು ಚೆಂಡನ್ನು ಕೊನೆಯ ಗೆರೆಯಾಚೆಯ ಎಂಡ್ ಝೋನ್‌ಗೆ ಎಸೆದರು. ಅದು ನೇರವಾಗಿ ಸಹ ಆಟಗಾರನ ಹೆಲ್ಮೆಟ್‌ನ ಮುಂಭಾಗಕ್ಕೆ ಬಡಿದು ಕೆಳಗೆ ಬಿತ್ತು. ಅಂಕಿಅಂಶದಲ್ಲಿ ಅದು ಒಂದು ವಿಫಲ ಎಸೆತ, ಅಷ್ಟೇ. ಚೀಫ್ಸ್ 9–31ರಿಂದ ಸೋತಿತು. ಮಹೋಮ್ಸ್ ಲೆಕ್ಕಕ್ಕೆ ಎರಡು ಇಂಟರ್‌ಸೆಪ್ಷನ್, ಟಚ್‌ಡೌನ್ ಸೊನ್ನೆ. ಆ ಅಂಕಿಗಳನ್ನಷ್ಟೇ ಓದಿದವರಿಗೆ ಅಂದು ಕೆಟ್ಟದಾಗಿ ಆಡಿದ್ದು ಕ್ವಾರ್ಟರ್‌ಬ್ಯಾಕೇ ಎಂದು ತೋರುತ್ತದೆ.

ಲೈನ್ ಆದಮೇಲೆ ಕೋಚ್. ಯಾವ ಆಟ ಆಡಬೇಕು ಎಂದು ತೀರ್ಮಾನಿಸುವುದು ಬಹುತೇಕ ತಂಡಗಳಲ್ಲಿ ಬದಿಯಲ್ಲಿ ನಿಂತ ಕೋಚ್. 1994ರಿಂದ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್‌ನೊಳಗೇ ರೇಡಿಯೊ ಇದೆ. ಆಟ ಶುರುಮಾಡಲು ಇರುವ ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಅದು ತಾನಾಗಿ ಬಂದ್ ಆಗುತ್ತದೆ. ಅಲ್ಲಿಯವರೆಗೆ ಕೋಚ್‌ನ ಮಾತು, ಅಲ್ಲಿಂದ ಮುಂದೆ ಆಟಗಾರನ ಬುದ್ಧಿ. ಈ ಎರಡರ ಬೆಸುಗೆ ಎಷ್ಟು ಮುಖ್ಯ ಎಂಬುದನ್ನು ಜ್ಯಾರೆಡ್ ಗಾಫ್ ಅವರ ವೃತ್ತಿಜೀವನದಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ಇನ್ನೊಂದಿಲ್ಲ. 2016ರ ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ಲಾಸ್ ಏಂಜಲಿಸ್ ರ್‍ಯಾಮ್ಸ್ ಸೇರಿದ ಗಾಫ್ ಮೊದಲ ವರ್ಷ ಆರಂಭಿಸಿದ ಏಳೂ ಪಂದ್ಯಗಳನ್ನು ಸೋತರು. ಇಡೀ ಲೀಗ್‌ನಲ್ಲಿ ಅತಿ ಕಡಿಮೆ ಅಂಕ, 224, ಆ ತಂಡದ್ದು. 'ಇವನು ಆಗದವನು' ಎಂಬ ಷರಾ ಆಗಲೇ ಬಿದ್ದಿತ್ತು. ಮರುವರ್ಷ 30ರ ಹರೆಯದ ಶಾನ್ ಮೆಕ್‌ವೇ ಕೋಚ್ ಆಗಿ ಬಂದರು. ಎಡ ತುದಿ ಕಾಯಲು ಅನುಭವಿ ಆಂಡ್ರ್ಯೂ ವಿಟ್‌ವರ್ತ್, ಚೆಂಡು ಹಿಡಿಯಲು ರಾಬರ್ಟ್ ವುಡ್ಸ್, ಕೂಪರ್ ಕಪ್ ಬಂದರು. ಅದೇ ಗಾಫ್, ಅದೇ ತೋಳು. ರ್‍ಯಾಮ್ಸ್ ಆ ವರ್ಷ ಗಳಿಸಿದ್ದು 478 ಅಂಕ, ಲೀಗ್‌ನಲ್ಲೇ ಅತಿ ಹೆಚ್ಚು. ರೇಡಿಯೊ ಬಂದ್ ಆಗುವ ಕೊನೆಯ ಗಳಿಗೆಯವರೆಗೂ ಮೆಕ್‌ವೇ ಎದುರಾಳಿಯ ರಕ್ಷಣೆಯನ್ನು ಓದಿ ಗಾಫ್ ಕಿವಿಯಲ್ಲಿ ಹೇಳಿಕೊಡುತ್ತಾರೆ ಎಂಬ ಮಾತು ಆಗ ಬಲವಾಗಿತ್ತು. ಹಾಗಾಗಿ ಸೋತಾಗ ಬೈಗುಳ ಗಾಫ್‌ಗೆ, ಗೆದ್ದಾಗ ಹೊಗಳಿಕೆ ಮೆಕ್‌ವೇಗೆ! 2019ರ ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ ನ್ಯೂ ಇಂಗ್ಲೆಂಡ್ ಎದುರು ರ್‍ಯಾಮ್ಸ್ ಬರೀ ಮೂರು ಅಂಕ ಗಳಿಸಿ ಸೋತ ಮೇಲೆ ಆ ಷರಾ ಮತ್ತೆ ಹೊರಬಂತು.

2021ರ ಆರಂಭದಲ್ಲಿ ನಡೆದ ಒಂದು ವಿನಿಮಯ ಈ ವಾದಕ್ಕೆ ಪ್ರಯೋಗಶಾಲೆಯನ್ನೇ ಒದಗಿಸಿತು. ರ್‍ಯಾಮ್ಸ್ ಗಾಫ್ ಅವರನ್ನೂ ಜೊತೆಗೆ ಡ್ರಾಫ್ಟ್‌ನ ಎರಡು ಮೊದಲ ಸುತ್ತಿನ ಆಯ್ಕೆ, ಒಂದು ಮೂರನೇ ಸುತ್ತಿನ ಆಯ್ಕೆಯನ್ನೂ ಡೆಟ್ರಾಯಿಟ್‌ಗೆ ಕೊಟ್ಟು ಸ್ಟಾಫರ್ಡ್ ಅವರನ್ನು ತಂದಿತು. ಸ್ಟಾಫರ್ಡ್ ಡೆಟ್ರಾಯಿಟ್‌ಗೆ ಬಂದದ್ದು 2009ರಲ್ಲಿ; ಅದರ ಹಿಂದಿನ ವರ್ಷ ಆ ತಂಡ ಹದಿನಾರಕ್ಕೆ ಹದಿನಾರೂ ಪಂದ್ಯ ಸೋತಿತ್ತು. 2011ರಲ್ಲಿ ಅವರು 5,038 ಗಜ ಎಸೆದರೂ, ಹನ್ನೆರಡು ವರ್ಷದಲ್ಲಿ ಆಡಿದ ಮೂರೂ ಪ್ಲೇಆಫ್ (ನಾಕೌಟ್) ಪಂದ್ಯಗಳು ಸೋಲಾದವು. ದೊಡ್ಡ ಪಂದ್ಯ ಗೆಲ್ಲುವ ಎದೆಗಾರಿಕೆ ಇಲ್ಲದವರು ಎಂಬ ಮಾತನ್ನು ಅವರೂ ಹೊತ್ತಿದ್ದರು. ರ್‍ಯಾಮ್ಸ್‌ಗೆ ಬಂದ ಮೊದಲ ಋತುವಿನಲ್ಲೇ, 2022ರ ಫೆಬ್ರುವರಿಯಲ್ಲಿ, ಸಿನ್ಸಿನಾಟಿಯನ್ನು 23–20ರಿಂದ ಸೋಲಿಸಿ ಅವರು ಸೂಪರ್ ಬೌಲ್ ಗೆದ್ದರು. ಸ್ವಾರಸ್ಯವೆಂದರೆ, ಆ ಋತುವಿನಲ್ಲಿ ಅವರ 17 ಇಂಟರ್‌ಸೆಪ್ಷನ್ ಇಡೀ ಲೀಗ್‌ನಲ್ಲಿ ಅತಿ ಹೆಚ್ಚು. ಜ್ಯಾಕ್ಸನ್‌ವಿಲ್‌ನ ಹೊಸಬ ಟ್ರೆವರ್ ಲಾರೆನ್ಸ್ ಮಾತ್ರ ಅಷ್ಟೇ ಎಸೆದಿದ್ದರು. ಸ್ಟಾಫರ್ಡ್ ದಿಢೀರನೆ ಬೇರೆ ಮನುಷ್ಯರಾಗಿರಲಿಲ್ಲ. ತಪ್ಪು ಮಾಡಿದ ಮೇಲೂ ಗೆಲ್ಲಬಲ್ಲ ತಂಡ ಅವರಿಗೆ ಸಿಕ್ಕಿತ್ತು.

ಅತ್ತ ಗಾಫ್ ಡೆಟ್ರಾಯಿಟ್‌ನಲ್ಲಿ ಮೊದಲ ವರ್ಷ ಕಂಡದ್ದು ಮೂರು ಗೆಲುವು, 13 ಸೋಲು, ಒಂದು ಸಮ. ಹೊಸ ಕ್ವಾರ್ಟರ್‌ಬ್ಯಾಕ್ ಹುಡುಕಿ ಎಂದು ಅಭಿಮಾನಿಗಳು ಆಗ್ರಹಿಸಿದರು. ಆಡಳಿತ ಹುಡುಕಲಿಲ್ಲ, ಲೈನ್‌ಗೆ ಪೆನೆ ಸ್ಯೂಯೆಲ್, ರಿಸೀವರ್ ಆಗಿ ಅಮೋನ್-ರಾ ಸೇಂಟ್ ಬ್ರೌನ್ ಅವರನ್ನು ಡ್ರಾಫ್ಟ್‌ನಲ್ಲಿ ತಂದಿತ್ತು, ಬೆನ್ ಜಾನ್ಸನ್ ಎಂಬ ತರುಣ ಕೋಚ್ ಕೈಗೆ ಆಕ್ರಮಣವನ್ನು ಕೊಟ್ಟಿತು. 2023ರಲ್ಲಿ ತಂಡ 12 ಪಂದ್ಯ ಗೆದ್ದಿತು. 2024ರ ಜನವರಿಯಲ್ಲಿ ಪ್ಲೇಆಫ್‌ಗೆಂದು ಡೆಟ್ರಾಯಿಟ್‌ಗೆ ಬಂದ ಎದುರಾಳಿ ಬೇರೆ ಯಾರೂ ಅಲ್ಲ, ಸ್ಟಾಫರ್ಡ್ ಅವರ ರ್‍ಯಾಮ್ಸ್. ಲಯನ್ಸ್ 24–23ರಿಂದ ಗೆದ್ದಿತು. 32 ವರ್ಷಗಳಲ್ಲಿ ಆ ಊರು ಕಂಡ ಮೊದಲ ಪ್ಲೇಆಫ್ ಗೆಲುವು ಅದು. ಒಬ್ಬರಿಗೆ ಬದಲಾಗಿ ಇನ್ನೊಬ್ಬರು ಹೋದ ಆ 'ಸೋಲುಗಾರರು' ಇಬ್ಬರೂ ಗೆದ್ದಿದ್ದರು.

ರಕ್ಷಣೆಯ ಪಾಲನ್ನು ವಿವರಿಸಲು ಎರಡು ಋತುಗಳು ಸಾಕು. 2012ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ನ ಡ್ರೂ ಬ್ರೀಸ್ 5,177 ಗಜ, 43 ಟಚ್‌ಡೌನ್ ಎಸೆದರು. ಆದರೂ ತಂಡ ಏಳು ಗೆದ್ದು ಒಂಬತ್ತು ಸೋತಿತು. ಕಾರಣ, ಅವರ ರಕ್ಷಣಾ ಪಡೆ ಬಿಟ್ಟುಕೊಟ್ಟದ್ದು 7,042 ಗಜ, ಲೀಗ್‌ನ ಇತಿಹಾಸದಲ್ಲೇ ಅಲ್ಲಿಯವರೆಗಿನ ಅತಿ ಹೆಚ್ಚು. ಮುಖ್ಯ ಕೋಚ್ ಶಾನ್ ಪೇಟನ್ ಶಿಸ್ತುಕ್ರಮದಿಂದಾಗಿ ಇಡೀ ವರ್ಷ ಅಮಾನತಿನಲ್ಲಿದ್ದರು. ಇದಕ್ಕೆ ತದ್ವಿರುದ್ಧ 2015ರ ಡೆನ್ವರ್ ಬ್ರಾಂಕೋಸ್. ವಯಸ್ಸಾದ ಪೇಟನ್ ಮ್ಯಾನಿಂಗ್ ಒಂಬತ್ತು ಟಚ್‌ಡೌನ್‌ಗೆ 17 ಇಂಟರ್‌ಸೆಪ್ಷನ್ ಎಸೆದು, ನಡುವೆ ಬೆಂಚಿಗೂ ಹೋಗಿ ಬಂದರು. ಸಾಂತಾ ಕ್ಲಾರಾದಲ್ಲಿ, ಸಿಲಿಕಾನ್ ಕಣಿವೆಯ ಕನ್ನಡಿಗರಿಗೆ ಮನೆಯಂಗಳದಂತಿರುವ ಲೀವೈಸ್ ಸ್ಟೇಡಿಯಂನಲ್ಲಿ, 2016ರ ಫೆಬ್ರುವರಿಯಲ್ಲಿ ಅದೇ ತಂಡ 24–10ರಿಂದ ಸೂಪರ್ ಬೌಲ್ ಗೆದ್ದಿತು. ಗೆಲ್ಲಿಸಿದ್ದು ವಾನ್ ಮಿಲ್ಲರ್ ಮುಂದಾಳಾಗಿದ್ದ ರಕ್ಷಣೆ. ವೃತ್ತಿಜೀವನದ ಅತಿ ಕೆಟ್ಟ ಋತುವಿನಲ್ಲಿ ಮ್ಯಾನಿಂಗ್ ಚಾಂಪಿಯನ್ ಆಗಿ ನಿವೃತ್ತರಾದರು.

ಹಾಗೆಂದು ಕ್ವಾರ್ಟರ್‌ಬ್ಯಾಕ್ ಲೆಕ್ಕಕ್ಕಿಲ್ಲ ಎಂದರೆ ಅದೂ ತಪ್ಪು. ಇದೇ ಮ್ಯಾನಿಂಗ್ ಕತ್ತಿನ ಶಸ್ತ್ರಚಿಕಿತ್ಸೆಯಿಂದಾಗಿ 2011ರಲ್ಲಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಹಿಂದಿನ ವರ್ಷ ಹತ್ತು ಗೆದ್ದಿದ್ದ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಎರಡಕ್ಕೆ ಕುಸಿಯಿತು. ಒಬ್ಬನೇ ಆಟಗಾರ ಹೊರಗುಳಿದರೆ ತಂಡವೊಂದು ಇಷ್ಟು ಕೆಳಗಿಳಿಯುವುದು ಬೇರೆ ಯಾವ ಸ್ಥಾನದಲ್ಲೂ ಕಾಣದು. ತಂಡಗಳಿಗೂ ಇದು ಗೊತ್ತು; ಆದ್ದರಿಂದಲೇ ಹಣವೂ ಅಲ್ಲಿಗೇ ಹರಿಯುತ್ತದೆ. 2024ರಲ್ಲಿ ಒಂದು ತಂಡ ಎಲ್ಲ ಆಟಗಾರರ ಮೇಲೆ ಸೇರಿ ಮಾಡಬಹುದಾಗಿದ್ದ ಖರ್ಚಿನ ಮಿತಿ 25.54 ಕೋಟಿ ಡಾಲರ್. ಅದೇ ವರ್ಷ ಡಲ್ಲಾಸ್‌ನ ಡ್ಯಾಕ್ ಪ್ರೆಸ್ಕಾಟ್ ಸಹಿ ಹಾಕಿದ ಒಪ್ಪಂದ ವರ್ಷಕ್ಕೆ ಸರಾಸರಿ ಆರು ಕೋಟಿ ಡಾಲರ್‌ನದು. ಅಷ್ಟು ಪಡೆಯುವವನನ್ನು ಪ್ರಶ್ನಿಸುವ ಹಕ್ಕು ಟಿಕೆಟ್ ಕೊಂಡವನಿಗೆ ಇಲ್ಲ ಎನ್ನಲಾಗದು. ಆದರೆ ಒಬ್ಬನಿಗೇ ಇಷ್ಟು ಕೊಟ್ಟ ಮೇಲೆ ಲೈನ್‌ಗೆ, ರಕ್ಷಣೆಗೆ ಉಳಿಯುವ ಹಣವೂ ಕಡಿಮೆಯೇ. ದುಬಾರಿ ಕ್ವಾರ್ಟರ್‌ಬ್ಯಾಕ್‌ನ ಸುತ್ತ ತೆಳ್ಳಗಿನ ತಂಡ ಇರುವುದು ಆಕಸ್ಮಿಕವಲ್ಲ.

ದೂರು ಸರಿಯಾಗಿ ಅಂಟುವ ಪ್ರಕರಣವೂ ಇದೆ: ಜೇಮಿಸ್ ವಿನ್‌ಸ್ಟನ್. 2019ರಲ್ಲಿ ಟ್ಯಾಂಪಾ ಬೇ ಬಕನೀರ್ಸ್ ಪರ ಅವರು ಎಸೆದ 5,109 ಗಜ ಲೀಗ್‌ನಲ್ಲೇ ಅತಿ ಹೆಚ್ಚು, 33 ಟಚ್‌ಡೌನ್. ಅದರ ಜೊತೆಗೇ 30 ಇಂಟರ್‌ಸೆಪ್ಷನ್. ಒಂದೇ ಋತುವಿನಲ್ಲಿ ಎರಡೂ ಮೂವತ್ತು ಮುಟ್ಟಿದವರು ಅವರೊಬ್ಬರೇ. ಆ ಮೂವತ್ತರಲ್ಲಿ ಏಳನ್ನು ಎದುರಾಳಿಗಳು ಹಿಡಿದು ಓಡಿ ನೇರ ಟಚ್‌ಡೌನ್ ಮಾಡಿಕೊಂಡರು. ಮೂವತ್ತನೆಯದಂತೂ ವರ್ಷದ ಕೊನೆಯ ಪಂದ್ಯದಲ್ಲಿ, ಅಟ್ಲಾಂಟಾ ಎದುರು, ಹೆಚ್ಚುವರಿ ಸಮಯದ ಮೊದಲ ಆಟದಲ್ಲೇ ಬಂತು. ಡಿಯಾನ್ ಜೋನ್ಸ್ ಅದನ್ನು ಹಿಡಿದು ಗೆರೆ ದಾಟಿದಲ್ಲಿಗೆ ಪಂದ್ಯ ಮುಗಿಯಿತು. ಋತು ಮುಗಿದ ಮೇಲೆ ವಿನ್‌ಸ್ಟನ್ ಕಣ್ಣಿನ ಲೇಸರ್ ಚಿಕಿತ್ಸೆ ಮಾಡಿಸಿಕೊಂಡದ್ದನ್ನು ಕೇಳಿ ನಗದವರಿಲ್ಲ. ಕೋಚ್ ಬ್ರೂಸ್ ಏರಿಯನ್ಸ್, ರಿಸೀವರ್‌ಗಳಾದ ಮೈಕ್ ಎವಾನ್ಸ್, ಕ್ರಿಸ್ ಗಾಡ್ವಿನ್ ಎಲ್ಲರೂ ಮರುವರ್ಷವೂ ಇದ್ದರು. ವಿನ್‌ಸ್ಟನ್ ಜಾಗಕ್ಕೆ ಬಂದ, 43 ತುಂಬಿದ ಟಾಮ್ ಬ್ರೇಡಿ 40 ಟಚ್‌ಡೌನ್ ಎಸೆದು 12 ಇಂಟರ್‌ಸೆಪ್ಷನ್ ಮಾತ್ರ ಕೊಟ್ಟರು. ಏಳು ಪಂದ್ಯ ಗೆದ್ದಿದ್ದ ತಂಡ ಹನ್ನೊಂದು ಗೆದ್ದು, ಮಹೋಮ್ಸ್ ಓಡಾಡಿ ಸುಸ್ತಾದ ಆ ಸೂಪರ್ ಬೌಲ್ ಅನ್ನೂ ಗೆದ್ದಿತು. ಬ್ರೇಡಿ ಜೊತೆ ರಾಬ್ ಗ್ರಾಂಕೌಸ್ಕಿ ಬಂದರು, ಲೈನ್‌ಗೆ ಟ್ರಿಸ್ಟನ್ ವಿರ್ಫ್ಸ್ ಬಂದರು, ರಕ್ಷಣೆಯೂ ಬಲಿಯಿತು, ನಿಜ. ಆದರೂ 18 ಇಂಟರ್‌ಸೆಪ್ಷನ್‌ಗಳ ವ್ಯತ್ಯಾಸವನ್ನು ಬೇರೆ ಯಾರ ತಲೆಗೂ ಕಟ್ಟಲಾಗದು.

ಅಂಕಿಗಳನ್ನು ನೋಡುವಾಗ ಇಷ್ಟು ಎಚ್ಚರ ಬೇಕು. ಎಸೆತಗಳನ್ನು ಅಳೆಯುವ ಹಳೆಯ ಪಾಸರ್ ರೇಟಿಂಗ್‌ಗೆ ಗರಿಷ್ಠ 158.3 ಎಂಬ ವಿಲಕ್ಷಣ ಮಿತಿಯಿದೆ, ಸ್ಯಾಕ್‌ಗಳು ಅದರ ಲೆಕ್ಕಕ್ಕೇ ಬರುವುದಿಲ್ಲ. ರಿಸೀವರ್‌ನ ಅಂಗೈಗೆ ಬಿದ್ದು ಚಿಮ್ಮಿದ ಚೆಂಡನ್ನು ಎದುರಾಳಿ ಹಿಡಿದರೂ ಇಂಟರ್‌ಸೆಪ್ಷನ್ ಬರೆಯುವುದು ಎಸೆದವನ ಹೆಸರಿಗೇ. ಎಸೆದ ಗಜಗಳ ಮೊತ್ತವಂತೂ ಮೋಸಗಾರ: ಸೋಲುತ್ತಿರುವ ತಂಡ ಹಿಂದೆ ಬಿದ್ದ ಅಂಕ ಮುಟ್ಟಲು ಎಸೆಯುತ್ತಲೇ ಇರಬೇಕಾಗುತ್ತದೆ, ಹಾಗಾಗಿ ಅದರ ಕ್ವಾರ್ಟರ್‌ಬ್ಯಾಕ್‌ನ ಗಜಗಳು ಬೆಳೆಯುತ್ತವೆ. ಯಾರೂ ಮೈಮೇಲೆ ಬಾರದೆ, ಕಾಲೂರಿ ನಿಂತು ಎಸೆಯಲು ಸಮಯ ಸಿಕ್ಕಾಗ ಆತ ಏನು ಮಾಡುತ್ತಾನೆ ಎಂಬುದೇ ಹೆಚ್ಚು ನಂಬಬಹುದಾದ ಪರೀಕ್ಷೆ. ಆಗಲೂ ತಪ್ಪು ಜಾಗಕ್ಕೆ ಎಸೆಯುವವನನ್ನು ಸಮರ್ಥಿಸುವುದು ಕಷ್ಟ.

ಯುವ ಕ್ವಾರ್ಟರ್‌ಬ್ಯಾಕ್‌ಗಳ ವಿಷಯದಲ್ಲಿ ಲೀಗ್‌ನ ವ್ಯವಸ್ಥೆಯೇ ಒಂದು ಬೋನು. ಡ್ರಾಫ್ಟ್‌ನಲ್ಲಿ ಮೊದಲ ಸರದಿ ಸಿಗುವುದು ಹಿಂದಿನ ವರ್ಷ ಅತಿ ಕೆಟ್ಟದಾಗಿ ಆಡಿದ ತಂಡಕ್ಕೆ. ಅಂದರೆ ಅತ್ಯುತ್ತಮ ತರುಣ ಹೋಗಿ ಬೀಳುವುದು ಅತಿ ದುರ್ಬಲ ಲೈನ್‌ನ ಹಿಂದೆ. ಇದಕ್ಕಿಂತ ಮುಂದೆ ಹೋದದ್ದು ಕ್ಯಾರೊಲೈನಾ ಪ್ಯಾಂಥರ್ಸ್. ಒಂಬತ್ತನೆಯ ಸರದಿಯಲ್ಲಿದ್ದ ಆ ತಂಡ 2023ರಲ್ಲಿ ಮೊದಲ ಸರದಿಯನ್ನು ಶಿಕಾಗೊ ಬೇರ್ಸ್‌ನಿಂದ ಕೊಂಡಿತು. ಬೆಲೆಯಾಗಿ ಮುಂದಿನ ವರ್ಷದ ಮೊದಲ ಸುತ್ತಿನ ಆಯ್ಕೆಯೂ ಸೇರಿ ಹಲವು ಆಯ್ಕೆಗಳನ್ನು, ಅದರ ಮೇಲೆ ತನ್ನ ಅತ್ಯುತ್ತಮ ರಿಸೀವರ್ ಡಿ.ಜೆ. ಮೂರ್ ಅವರನ್ನೂ ಕೊಟ್ಟಿತು. ಚೆಂಡು ಎಸೆಯುವವನನ್ನು ತರಲು ಹಿಡಿಯುವವನನ್ನೇ ಮಾರಿದ ಈ ವ್ಯಾಪಾರದಲ್ಲಿ ಬಂದವರು ಬ್ರೈಸ್ ಯಂಗ್. ಮೊದಲ ವರ್ಷ ಅವರು 62 ಬಾರಿ ಸ್ಯಾಕ್ ಆದರು, ತಂಡ ಎರಡು ಗೆದ್ದು 15 ಸೋತಿತು, ಹನ್ನೊಂದು ಪಂದ್ಯ ಮುಗಿಯುವಷ್ಟರಲ್ಲಿ ಕೋಚ್ ಫ್ರ್ಯಾಂಕ್ ರೈಕ್ ಮನೆಗೆ ಹೋದರು. 2024ರಲ್ಲಿ ಹೊಸ ಕೋಚ್ ಡೇವ್ ಕನಾಲೆಸ್ ಎರಡೇ ಪಂದ್ಯಕ್ಕೆ ಯಂಗ್ ಅವರನ್ನು ಬೆಂಚಿಗೆ ಕಳಿಸಿದರು. ಅವರ ಜಾಗದಲ್ಲಿದ್ದ ಆಂಡಿ ಡಾಲ್ಟನ್ ಕಾರು ಅಪಘಾತದಲ್ಲಿ ಹೆಬ್ಬೆರಳಿಗೆ ಗಾಯ ಮಾಡಿಕೊಂಡದ್ದರಿಂದ ಅಕ್ಟೋಬರ್‌ನಲ್ಲಿ ಯಂಗ್ ಮತ್ತೆ ಮೈದಾನಕ್ಕಿಳಿದರು. ಅಷ್ಟರಲ್ಲಿ ತಂಡ ಭಾರಿ ಹಣ ಕೊಟ್ಟು ಲೈನ್‌ಗೆ ಇಬ್ಬರು ಗಾರ್ಡ್‌ಗಳನ್ನು ಕರೆತಂದಿತ್ತು. ಋತುವಿನ ಕೊನೆಯ ಪಂದ್ಯದಲ್ಲಿ ಅಟ್ಲಾಂಟಾ ಎದುರು ಯಂಗ್ ಮೂರು ಟಚ್‌ಡೌನ್ ಎಸೆದು, ಎರಡನ್ನು ತಾವೇ ಓಡಿ ಗಳಿಸಿ, ಹೆಚ್ಚುವರಿ ಸಮಯದಲ್ಲಿ 44–38ರಿಂದ ಗೆಲ್ಲಿಸಿದರು.

2023ರ ಆ ಹದಿನೈದು ಸೋಲುಗಳಿಗೆ ಮೊದಲ ಹೊಣೆ ವಿನಿಮಯಕ್ಕೆ ಸಹಿ ಹಾಕಿದ ಕಚೇರಿಯದು, ಎರಡನೆಯದು ಲೈನ್‌ನದು. ಯಂಗ್ ಅವರ ಪಾಳಿ ಬರುವುದು ಆಮೇಲೆ. ಕ್ಯಾರೊಲೈನಾ ಬಿಟ್ಟುಕೊಟ್ಟ ಆಯ್ಕೆ 2024ರ ಡ್ರಾಫ್ಟ್‌ನ ಮೊದಲ ಆಯ್ಕೆಯೇ ಆಯಿತು. ಶಿಕಾಗೊ ಅದರಿಂದ ತಂದದ್ದು ಕೇಲಬ್ ವಿಲಿಯಮ್ಸ್ ಎಂಬ ಇನ್ನೊಬ್ಬ ತರುಣ ಕ್ವಾರ್ಟರ್‌ಬ್ಯಾಕ್ ಅನ್ನು. ಮೊದಲ ಋತುವಿನಲ್ಲಿ ಅವರು 68 ಬಾರಿ ಸ್ಯಾಕ್ ಆದರು. ತಂಡ ಐದು ಗೆದ್ದು ಹನ್ನೆರಡು ಸೋತಿತು.